ಹೇಸಿಗೆಯ ಕರೆ

ಹುವಾಮಂಗಾ ಊರಿನ ಕನ್ಯಾಮಠಕ್ಕೆ ಫೆರ್ಮಿನಾ ಬಂದದ್ದು ದೇವರ ಮೌನವನ್ನು ಹುಡುಕಿಕೊಂಡು. ಸನ್ಯಾಸಿನಿಯಾಗುವ ವ್ರತ ಹತ್ತಿರವಾದಾಗ ಅವಳನ್ನು ಬಡವರಿಗೆ ಊಟ ಹಂಚುವ ಭಿಕ್ಷೆಯ ಕಿಟಕಿಯ ಕೆಲಸಕ್ಕೆ ಹಾಕಿದರು. ಸಿಸ್ಟರುಗಳ ತಟ್ಟೆಯಲ್ಲಿ ಉಳಿದದ್ದೆಲ್ಲ, ಅಗಿದುಬಿಟ್ಟ ಜೋಳ, ಚೀಪಿದ ಕುರಿಮೂಳೆ, ಒಡೆದ ಹಾಲು, ಒಂದೇ ಹಂಡೆಗೆ ಬಿದ್ದು ಹುಳಿತು ಬೂದುಬಣ್ಣದ ಪೊರೆ ಕಟ್ಟಿರುತ್ತಿತ್ತು. ಅದನ್ನು ಕಲಕಿ ಹೊರಗೆ ನಿಂತವರ ಮಡಕೆಗೆ ಸುರಿಯುವುದು ಅವಳ ಕೆಲಸ.

ಒಂದು ದಿನ ಸೌಟಿನಲ್ಲಿ ಬಿಳಿಹುಳುಗಳು ಮಿಜಿಮಿಜಿ ಎಂದವು. ಅವಳ ಕೈ ನಿಂತಿತು.

"ಹುಳಾನಾ ತಾಯಿ? ಹಾಕು, ಹಾಕು. ಅದೊಂದೇ ತಾಜಾ ಮಾಂಸ," ಎಂದು ಕಿಟಕಿಯಾಚೆ ಮುದುಕಿ ಸತುರ್ನಿನಾ ಬೊಚ್ಚುಬಾಯಲ್ಲಿ ನಕ್ಕಳು.

ಫೆರ್ಮಿನಾ ಹಂಡೆಯನ್ನು ದರದರ ಎಳೆದೊಯ್ದು ಊಟದಮನೆಯಲ್ಲಿ ಮಠದ ಹಿರಿಯಳ ಮುಂದಿಟ್ಟಳು. ಬಾದಾಮಿ ಮಿಠಾಯಿ ಮೆಲ್ಲುತ್ತಿದ್ದ ಮದರ್ ಎನ್ಕಾರ್ನಾಸಿಯೋನ್ ಮೂಗು ಮುಚ್ಚಿಕೊಂಡರು.

"ಥೂ! ಇಲ್ಲಿಗ್ಯಾಕೆ ತಂದೆ ಈ ಗಲೀಜನ್ನ?"

"ಬಡವರಿಗೆ ಕೊಟ್ಟಿದ್ದು ಯೇಸುವಿಗೇ ಮುಟ್ಟುತ್ತೆ ಅಂತೀವಲ್ಲ ಮದರ್. ಇದನ್ನೇನಾ ಮುಟ್ಟಿಸೋದು?"

"ಅವರ ಹೊಟ್ಟೆ ಗಟ್ಟಿ ಕಣೆ. ನಿಂದು ಬರೀ ಸೊಕ್ಕು."

ಫೆರ್ಮಿನಾ ಸೌಟೆತ್ತಿ ತಾನೇ ಕುಡಿದಳು. ಗಂಟಲಲ್ಲಿ ಏನೋ ಮಿಸುಕಾಡಿತು. ಮಿಠಾಯಿಯ ತಟ್ಟೆಯ ಮೇಲೇ ಎಲ್ಲವನ್ನೂ ಕಾರಿಬಿಟ್ಟಳು.

ಶಿಕ್ಷೆಯಾಗಿ ಅವಳ ವ್ರತ ಮುಂದಕ್ಕೆ ಹೋಯಿತು. ಅಂದಿನಿಂದ ಧೂಪದ ಪರಿಮಳಕ್ಕೂ ಅವಳಿಗೆ ವಾಕರಿಕೆ. ತನ್ನ ಗರಿಗರಿ ಬಿಳಿ ಬಟ್ಟೆ ಕಂಡರೂ ಅಸಹ್ಯ. ಪಾಪನಿವೇದನೆಗೆ ಹೋದಾಗ ಪಾದ್ರಿ ಅನ್ಸೆಲ್ಮೊ ತಲೆಯಾಡಿಸಿದರು.

"ದೇವರ ಕರೆ ಜೇನಿನ ಹಾಗೆ ಮಗಳೆ. ನಿಂದು ಬರೀ ಹೇಸಿಗೆ."

"ಪ್ರಾರ್ಥನೆಗೆ ಕೂತಷ್ಟೂ ಜಾಸ್ತಿ ಆಗ್ತಿದೆ ಫಾದರ್. ಬಡವರಿಗೆ ಒಳ್ಳೆ ಊಟ ಹಾಕು ಅಂತಿದೆ ಈ ಹೇಸಿಗೆ. ಸೈತಾನ ಹಾಗೆ ಹೇಳ್ತಾನಾ?"

"ಇಲ್ಲ. ಅವನು ಹಾಗನ್ನಲ್ಲ," ಎಂದು ಪಾದ್ರಿ ಒಪ್ಪಿಕೊಂಡರು.

ಫೆರ್ಮಿನಾ ಮಠ ಬಿಟ್ಟು ಕಸಾಯಿಖಾನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಲೆ ಹೂಡಿದಳು. ಮೊದಲ ದಿನ ಸತುರ್ನಿನಾ ಚಪ್ಪರಿಸಿ, "ಉಪ್ಪು ಕಮ್ಮಿ," ಎಂದು ಬೈದಳು. ಬೈಸಿಕೊಂಡು ಫೆರ್ಮಿನಾಗೆ ಖುಷಿಯಾಯಿತು. ಮಠದಿಂದ ಇಬ್ಬರು ಸಿಸ್ಟರುಗಳು, ಸಂತೆಬೀದಿಯಿಂದ ಒಬ್ಬ ವಿಧವೆ ಬಂದು ಸೇರಿಕೊಂಡರು. ಬಡವರು ಉಂಡದ್ದನ್ನೇ ಅವರೂ ಉಂಡರು. ಹೇನು, ಕೀವು, ಚರಂಡಿಗೆ ಹರಿಯುವ ರಕ್ತದ ನಾತ ಯಾವುದೂ ಅವಳಿಗೆ ಜೇನಾಗಲಿಲ್ಲ.

ವರ್ಷಗಳ ಮೇಲೆ ಅವರ ಹೊಸ ಸನ್ಯಾಸಿನಿ ಸಂಘಕ್ಕೆ ಒಪ್ಪಿಗೆ ಕೊಡಲು ಬಂದ ಬಿಷಪರು ಕೇಳಿದರು: "ಇಷ್ಟು ದಿನದಲ್ಲಿ ಈ ನಾತ ಅಭ್ಯಾಸ ಆಗಿರಬೇಕಲ್ಲ?"

"ಆಗೋದು ಬೇಡ ಸ್ವಾಮಿ. ಅಭ್ಯಾಸ ಆದ ದಿನ ನಾವೂ ಹುಳ ಬಡಿಸ್ತೀವಿ," ಎಂದಳು ಫೆರ್ಮಿನಾ. ಮುದುಕನೊಬ್ಬನ ಕೊಳೆತ ಕಾಲು ತೊಳೆಯುತ್ತಿದ್ದವಳು ಪಕ್ಕಕ್ಕೆ ತಿರುಗಿ ಓಕರಿಸಿ, ಬಾಯಿ ಒರೆಸಿಕೊಂಡು, ಮತ್ತೆ ನೀರು ಹಾಕಿದಳು.