ಬೇಕರಿ ವ್ಯಾನಿನ ಹಿಂಬಾಗಿಲು

ಹಲ್ಲಿನ ಡಾಕ್ಟರಿಗೆ ಹಳೆಯ ಗಾಡಿಗಳ ಹುಚ್ಚು ಹತ್ತಿದ್ದು ನಡುವಯಸ್ಸಿನಲ್ಲಿ. ಮೊದಲು ಒಂದು ಸ್ಕೂಟರ್ ಬಂತು. ಅದರ ಬೆನ್ನಿಗೇ ಪಕ್ಕದಲ್ಲಿ ತೊಟ್ಟಿಲು ಅಂಟಿಸಿಕೊಂಡಂತಿದ್ದ ಮೋಟರ್‌ಸೈಕಲ್, ಆಮೇಲೆ ಡುಬ್ಬ ಬೆನ್ನಿನ ಕಾರುಗಳು. ಮನೆಯ ಹಿಂದಿನ ಷೆಡ್ಡು ತುಂಬಿ, ಅದಕ್ಕೆ ತಗಡು ಹೊದಿಸಿ ಇನ್ನೊಂದಷ್ಟು ಉದ್ದ ಮಾಡಿಸಿದರು. ಅವರಿಗೆ ಮಕ್ಕಳಿರಲಿಲ್ಲ. "ನಮ್ಮೆಜಮಾನ್ರ ಸಂಸಾರ ಎಲ್ಲ ಷೆಡ್ಡಲ್ಲೇ. ನಾನಿಲ್ಲಿ ಬಾಡಿಗೆಗಿದ್ದೀನಿ" ಎಂದು ಹೆಂಡತಿ ಬಂದವರೆದುರು ನಗುತ್ತಿದ್ದರು.

ಭಾನುವಾರ ಷೆಡ್ಡಿನ ಬಾಗಿಲು ತೆರೆದಿರುತ್ತಿತ್ತು. ಯಾರು ಬೇಕಾದರೂ ಬಂದು ನೋಡಬಹುದು. ಪ್ರತಿ ಗಾಡಿಯೂ ಕಾರ್ಖಾನೆಯಿಂದ ಹೊರಬಿದ್ದ ದಿನದಂತೆ ಫಳಫಳ ಹೊಳೆಯಬೇಕು ಎಂಬುದು ಡಾಕ್ಟರ ಹಠ. ಎಲ್ಲಕ್ಕಿಂತ ಅವರಿಗೆ ಹೆಮ್ಮೆಯದ್ದು ಕೆನೆಬಣ್ಣದ ಬೇಕರಿ ವ್ಯಾನು. ಗುಜರಿಯಲ್ಲಿ ಮುರುಟಿಕೊಂಡು ಬಿದ್ದಿದ್ದುದನ್ನು ತಂದು ಮತ್ತೆ ಜೀವ ತುಂಬಿಸಿದ್ದರು.

ಒಂದು ಭಾನುವಾರ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ಬಂದಳು. ಬೇರೆ ಯಾವ ಗಾಡಿಯನ್ನೂ ಕಣ್ಣೆತ್ತಿ ನೋಡದೆ ನೇರವಾಗಿ ವ್ಯಾನಿನ ಹತ್ತಿರ ಹೋಗಿ ನಿಂತಳು.

"ಹಿಂಬಾಗಿಲು ಸ್ವಲ್ಪ ತೆಗೀತೀರಾ ಡಾಕ್ಟ್ರೇ?"

ಡಾಕ್ಟರು ಉತ್ಸಾಹದಿಂದಲೇ ತೆಗೆದರು. ಅವಳು ಬಾಗಿಲಿನ ಒಳಮೈಯನ್ನು ಸವರಿದಳು. ಕನ್ನಡಿಯಂತಿದ್ದ ಬಣ್ಣದ ಮೇಲೆ ಬೆರಳು ಜಾರಿತು.

"ಇಲ್ಲಿ ಗೆರೆಗಳಿದ್ವು" ಎಂದಳು.

ಅವಳ ಅಪ್ಪ ಆ ವ್ಯಾನಿನ ಡ್ರೈವರ್ ಆಗಿದ್ದವನು. ಬ್ರೆಡ್ ಹಂಚಿ ಬಂದ ಮೇಲೆ ಅವಳನ್ನೂ ಅವಳ ತಮ್ಮನನ್ನೂ ಆ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಮೊಳೆಯಿಂದ ಗೆರೆ ಕೊರೆಯುತ್ತಿದ್ದ. ತಮ್ಮ ಜ್ವರ ಬಂದು ತೀರಿಹೋದ. ಅವಳ ಗೆರೆಗಳು ಮೇಲೇರಿದವು, ಅವನದು ಅಲ್ಲೇ ನಿಂತಿತು. ಬೇಕರಿ ಮುಚ್ಚಿದಾಗ ವ್ಯಾನು ಯಾರದೋ ಪಾಲಾಯಿತು.

"ಅವನದು ಒಂದು ಫೋಟೋನೂ ಇಲ್ಲ ಡಾಕ್ಟ್ರೇ. ಹೋದ ವಾರ ರಸ್ತೆಯಿಂದಲೇ ನಂಬರ್ ನೋಡಿ ಎದೆ ಧಸಕ್ಕಂತು. ಓಡಿಹೋಗಿ ಅಪ್ಪಂಗೆ ಹೇಳ್ಬಿಟ್ಟೆ. ಅವತ್ತಿಂದ ಅವರಿಗೆ ಅದೇ ಗುಂಗು. ಕಣ್ಣು ಕಾಣಲ್ಲ, ಕೈಯಲ್ಲಿ ಮುಟ್ಟಿ ನೋಡ್ತೀನಿ ಅಂತಾರೆ. ಈಗ ಏನು ಹೇಳ್ಲಿ?"

ಆ ಗೆರೆಗಳನ್ನು ಡಾಕ್ಟರು ಕಂಡಿದ್ದರು. ಯಾರೋ ಪೋಲಿಗಳು ಗೀಚಿದ್ದಾರೆ ಎಂದುಕೊಂಡು, ಆ ತಗಡನ್ನೇ ಕತ್ತರಿಸಿ ಹೊಸದು ಹಾಕು ಎಂದು ಟಿಂಕರಿಂಗಿನವನಿಗೆ ಹೇಳಿದ್ದು ಅವರೇ.

"ಕರ್ಕೊಂಡು ಬನ್ನಿ. ಏನಾದ್ರೂ ಮಾಡೋಣ" ಎಂದುಬಿಟ್ಟರು.

ಮರುದಿನ ದವಾಖಾನೆಗೂ ಹೋಗದೆ ಟಿಂಕರಿಂಗಿನವನ ಹತ್ತಿರ ಹೋದರು. "ಆ ತಗಡಾ? ಅದು ಕರಗಿ ಯಾರ ಮನೆ ಗೇಟಾಗಿದೆಯೋ ಸಾರ್" ಎಂದು ಅವನು ಕೈ ಒರೆಸಿಕೊಂಡ. ಡಾಕ್ಟರು ಮನೆಗೆ ಬಂದವರೇ ಮೊಳೆಯೊಂದನ್ನು ಹಿಡಿದು ವ್ಯಾನಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತರು. ಕಾಫಿಗೆ ಕರೆಯಲು ಬಂದ ಹೆಂಡತಿ ವಿಷಯವೆಲ್ಲ ಕೇಳಿದ್ದವರು, ನೋಡಿದೊಡನೆ ಅರ್ಥ ಮಾಡಿಕೊಂಡರು.

"ಎಲ್ಲಿಗೆ ಗೀಚ್ತೀರಿ?"

"ಸುಮಾರಾಗಿ ಇಲ್ಲಿಗೆ..."

"ಆ ಮಗು ಎಷ್ಟೆತ್ತರ ಇತ್ತು ಅಂತ ನಿಮಗೆ ಗೊತ್ತೇನ್ರೀ? ಅಪ್ಪ ಆದವನ ಕೈಗೆ ಗೊತ್ತಿರುತ್ತೆ. ಬೇಡ, ಬನ್ನಿ."

ಡಾಕ್ಟರು ಮೊಳೆಯನ್ನು ಕೆಳಗಿಟ್ಟರು.

ಭಾನುವಾರ ಮಗಳ ಹೆಗಲು ಹಿಡಿದು ಮುದುಕ ಬಂದ. ಒಗೆದ ಅಂಗಿ ತೊಟ್ಟು, ಗಡ್ಡ ಹೆರೆಸಿಕೊಂಡಿದ್ದ. ವ್ಯಾನಿನ ಮೂತಿ, ಮಡ್‌ಗಾರ್ಡು, ಹಿಡಿ, ಎಲ್ಲವನ್ನೂ ದನದ ಮೈ ಸವರುವಂತೆ ಸವರುತ್ತ ಹಿಂದಕ್ಕೆ ಬಂದ. ಮುಖ ಅರಳಿತ್ತು. ಬಾಗಿಲಿನ ಒಳಮೈಗೆ ಅಂಗೈ ಇಟ್ಟವನು ಸ್ವಲ್ಪ ಕೆಳಗೆ ಸರಿಸಿದ, ಇನ್ನೂ ಕೆಳಗೆ, ಮತ್ತೆ ಮೇಲೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡ.

"ಇದು ನನ್ನ ಗಾಡಿ ಅಲ್ಲ."

ಡಾಕ್ಟರು ಮಗಳ ಮುಖ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಹೌದು ಯಜಮಾನ್ರೇ" ಎಂದರು ಡಾಕ್ಟರು. "ನಿಮ್ಮದಲ್ಲ. ಇದೇ ತರದ್ದು ಬೇರೆ."

"ನಾನಂದ್ಕೊಂಡೆ! ಕನ್ನಡಕ ಹಾಕ್ಕೊಳ್ಳೇ ಅಂದ್ರೆ ಕೇಳಲ್ಲ ಇವಳು. ನಂಬರ್ ತಪ್ಪು ಓದಿದ್ದೀಯಲ್ಲೇ?"

"ಹೂಂ ಅಪ್ಪ" ಎಂದಳು ಮಗಳು. "ತಪ್ಪು ಓದಿದೆ."

ಮುದುಕ ಡಾಕ್ಟರ ಕೈಯನ್ನು ತಡಕಾಡಿ ಹಿಡಿದ. "ಹಾಗಾದ್ರೆ ನಂದು ಎಲ್ಲೋ ಇದೆ. ನಿಮಗೆ ಗುಜರಿಯವರೆಲ್ಲ ಗೊತ್ತಂತಲ್ಲ, ಸ್ವಲ್ಪ ಹುಡುಕ್ಸಿ ಕೊಡ್ತೀರಾ?"

"ಹುಡುಕಿಸ್ತೀನಿ" ಎಂದುಬಿಟ್ಟರು ಡಾಕ್ಟರು.

ಅಲ್ಲಿಂದ ಶುರುವಾಯಿತು. ಮುದುಕ ಮಗಳಿಂದ ಫೋನ್ ಮಾಡಿಸುವನು. ಡಾಕ್ಟರು ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಹೋಗದ ಗುಜರಿಗಳ ಸುದ್ದಿ ಹೇಳುವರು. ಮುದುಕ ಸಾವಧಾನವಾಗಿ ಕೇಳಿ ಮಗನ ಮಾತಿಗೆ ಬರುತ್ತಿದ್ದ. ಬ್ರೆಡ್ ಟ್ರೇ ಮೇಲೆ ಕೂತು ಹಾರ್ನಿನ ಸದ್ದು ಬಾಯಲ್ಲೇ ಮಾಡುತ್ತಿದ್ದನಂತೆ. ಎತ್ತರ ಕಾಣಲಿ ಎಂದು ಕಳ್ಳತನದಿಂದ ಹಿಮ್ಮಡಿ ಎತ್ತುತ್ತಿದ್ದನಂತೆ. ಆಚೆ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಡಾಕ್ಟರಿಗೆ ಷೆಡ್ಡಿನ ಕಡೆ ಮನಸ್ಸು ಹರಿಯದಾಯಿತು. ಭಾನುವಾರದ ಬಾಗಿಲು ಮುಚ್ಚಿತು.

ಚಳಿ ಹಿಡಿಯುವ ಹೊತ್ತಿಗೆ ಮುದುಕ ಹಾಸಿಗೆ ಹಿಡಿದ. ಹೆಚ್ಚು ದಿನ ಉಳಿಯಲಿಲ್ಲ.

ಡಾಕ್ಟರು ಹೋದಾಗ ಮಗಳು ಅಪ್ಪನ ಹಾಸಿಗೆ ಸುತ್ತಿಡುತ್ತಿದ್ದಳು.

"ಸಿಗುತ್ತೆ ಅಂತಲೇ ಹೋದ್ರು" ಎಂದಳು. "ಕೊನೇಲಿ ನನ್ನ ಹೆಸರು ಕರೀಲಿಲ್ಲ. ಗಾಡಿ ಬಂತಾ ಅಂತ ಕೇಳಿದ್ರು."

"ಆ ವ್ಯಾನು ನೀವೇ ಇಟ್ಕೊಳ್ಳಿ ಅಮ್ಮಾ. ನಾನೇ ತಂದು ನಿಲ್ಲಿಸ್ತೀನಿ."

"ಅದು ನಮ್ಮದಲ್ಲ ಅಂತ ನೀವೇ ಹೇಳಿದ್ರಲ್ಲ." ಅವಳ ದನಿ ಏರಲಿಲ್ಲ. "ನೀವು ಮಾಡಿದ್ದು ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಾಗ್ತಿಲ್ಲ ಡಾಕ್ಟ್ರೇ. ನಾನೂ ಹೂಂ ಅಂದವಳೇ. ಆದ್ರೆ ಇನ್ಮೇಲೆ ಈ ಕಡೆ ಬರ್ಬೇಡಿ. ನಿಮ್ಮನ್ನ ನೋಡಿದ್ರೆ ಅಪ್ಪ ಕಾಯ್ತಾ ಕೂತಿದ್ದೇ ಕಣ್ಣಿಗೆ ಕಟ್ಟುತ್ತೆ."

ಡಾಕ್ಟರು ತಲೆಯಾಡಿಸಿದರು. ಆ ಹುಡುಗನ ವಿಷಯ ಏನೋ ಹೇಳಬೇಕೆಂದು ಬಾಯಿ ತೆರೆದವರು, ಅವಳು ಆಗಲೇ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ಕಂಡು ಹೊರಗೆ ಬಂದರು. ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದರು.