ಟೈಲರಣ್ಣನ ಹೊಟ್ಟೆಯ ಮೇಲಿನ ಚಾಕ್ ಗುರುತು

ಅದು ಶುರುವಾದದ್ದು ಬಿರುಬೇಸಿಗೆಯಲ್ಲಿ, ಬೆಳಿಗ್ಗೆ ಏಳೂವರೆ ಹೊತ್ತಿಗೆ. ಅಷ್ಟು ಬೇಗನೇ ಅಂಗಡಿಯ ತಗಡಿನ ಮಾಡು ಕಾದಿತ್ತು. ಟೈಲರಣ್ಣ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಅಂಗಿ ಮೇಲೆತ್ತಿದ. ಹೊಕ್ಕುಳಿನಿಂದ ಬಲಕ್ಕೆ ಎರಡು ಬೆರಳು ಅಳೆದ. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಅಲ್ಲೊಂದು ಚುಕ್ಕೆ ಇಟ್ಟುಕೊಂಡ. ಇನ್ಸುಲಿನ್ ಸೂಜಿ ಆ ಚುಕ್ಕೆಗೇ ಹೋಗಬೇಕು. ಮೂರು ವರ್ಷದಲ್ಲಿ ಒಂದು ದಿನವೂ ಜಾಗ ತಪ್ಪಿರಲಿಲ್ಲ.

"ಅಳತೆ ಅಂದ್ರೆ ಅಳತೆ," ಎಂದ. "ಈಗಂತೂ ಅಲ್ಲಿ ಚುಚ್ಚಿದ್ದೇ ಗೊತ್ತಾಗಲ್ಲ."

ಆ ಅಳತೆ ಹೇಳಿಕೊಟ್ಟವಳು ಅವನ ಸ್ವಂತ ತಂಗಿ. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ಅವಳು ಸಿಸ್ಟರಕ್ಕ. ಇಪ್ಪತ್ತೆರಡು ವರ್ಷದ ಸರ್ವೀಸು. ಎಂಥ ಅಳುವ ಕೂಸಿಗೂ ಒಂದೇ ಸಲಕ್ಕೆ ಸೂಜಿ ಹಾಕುವವಳೆಂದು ಹೆಸರು. ಕೂತು ನೀರು ಕುಡಿದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುತ್ತಲೇ ಇರುತ್ತಿದ್ದಳು.

ಅವತ್ತೂ ನಿಂತೇ ಅಣ್ಣನ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು.

"ಮತ್ತೆ ಇನ್ನೂರ ತೊಂಬತ್ತು! ನಿಜ ಹೇಳಣ್ಣ, ರಾತ್ರಿ ಏನು ತಿಂದೆ?"

"ಬೈಗುಳ ತಿಂದೆ. ನಿಮ್ಮತ್ತಿಗೆ ಹೊಟ್ಟೆ ತುಂಬಾ ಬಡಿಸಿದ್ಲು."

ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅತ್ತಿಗೆಯ ದನಿ ಬಂತು. "ತಮಾಷೆ ಸಾಕು. ಇವರು ಕದ್ದು ತಿಂತಾರೆ. ಅದಕ್ಕೇ ಸಕ್ಕರೆ ಡಬ್ಬಾನ ಕಪಾಟಲ್ಲಿಟ್ಟು ಬೀಗ ಜಡಿದಿದೀನಿ. ಬೀಗದ ಕೈ ನನ್ನ ಪರ್ಸಲ್ಲಿ."

ಟೈಲರಣ್ಣನ ನಗು ಇಳಿಯಿತು. "ನಲವತ್ತು ವರ್ಷ ಜನರ ಬಟ್ಟೆ ಹೊಲಿದೆ. ಒಂದು ಮೊಳ ತುಂಡು ಬಟ್ಟೆ ಇಟ್ಕೊಂಡವನಲ್ಲ. ಮನೇಲೇ ನನ್ನ ಕಳ್ಳ ಮಾಡಿದ್ರಿ."

ಸಿಸ್ಟರಕ್ಕನ ಕಣ್ಣು ಅವನ ಬಲಗಾಲಿನ ಹೆಬ್ಬೆರಳಿನ ಮೇಲಿತ್ತು. ಎರಡು ತಿಂಗಳ ಹಿಂದೆ ಅಲ್ಲಿಗೊಂದು ಗುಂಡುಪಿನ್ನು ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿತ್ತಲ್ಲ, ಇಡೀ ದಿನ ಅದನ್ನು ಚುಚ್ಚಿಸಿಕೊಂಡೇ ಯಂತ್ರ ತುಳಿದಿದ್ದ. ಗಾಯ ಇನ್ನೂ ಮಾಗಿರಲಿಲ್ಲ. "ತಿಂಗಳ ಕೊನೆಯೊಳಗೆ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು" ಎಂದಿದ್ದರು ಡಾಕ್ಟರು. ಹದಿನೆಂಟು ಯೂನಿಟ್ ಇದ್ದ ಇನ್ಸುಲಿನ್ ಡೋಸನ್ನು ಒಂದೊಂದೇ ಮೆಟ್ಟಿಲು ಏರಿಸಿ ನಲವತ್ತು ಮಾಡಿದ್ದರು. ಸಕ್ಕರೆ ಜಗ್ಗಿರಲಿಲ್ಲ. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು.

ಸಿಸ್ಟರಕ್ಕ ಆಸ್ಪತ್ರೆಗೆ ಹೋದಳು.

ಅಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಹಿರಿಯನೊಬ್ಬನಿದ್ದ. ಎಲ್ಲರೂ ಅವನನ್ನು ಬ್ಯಾಂಡೇಜ್ ಮಾವ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯ ಆರೈಕೆಯನ್ನು ಇನ್ನಷ್ಟು ಆಳವಾಗಿ ಕಲಿಸುವ ಎರಡು ವಾರದ ತರಬೇತಿಗೆ ಹೋಗಿ ಆಗಷ್ಟೇ ಬಂದಿದ್ದ. ಮುಂದಿನ ತಂಡಕ್ಕೆ ಹೆಸರು ಬರೆಯುವ ಹಾಳೆ ಗೋಡೆಯ ಮೇಲಿತ್ತು. ನರ್ಸುಗಳು, ಲ್ಯಾಬಿನವರು, ವ್ಯಾಯಾಮ ಹೇಳಿಕೊಡುವವರು, ಪಥ್ಯ ಹೇಳುವವರು, ಪಟ್ಟಿ ಕಟ್ಟುವವರು, ಯಾರು ಬೇಕಾದರೂ ಬರೆಯಬಹುದಿತ್ತು. ಸಿಸ್ಟರಕ್ಕ ಅದರ ಮೇಲೇ ಡ್ಯೂಟಿ ಪಟ್ಟಿ ಅಂಟಿಸಿಬಿಟ್ಟಿದ್ದಳು.

ಕೈ ತೊಳೆಯುವ ನಲ್ಲಿಯ ಹತ್ತಿರ ಮಾವ ಕೇಳಿದ. "ಯಾವಾಗಮ್ಮ ನಿನ್ನ ಸರದಿ?"

"ಇಪ್ಪತ್ತೆರಡು ವರ್ಷ ಆದ್ಮೇಲೆ ಬೆಂಚಲ್ಲಿ ಕೂತು ಇನ್ಸುಲಿನ್ ಚುಚ್ಚೋದು ಕಲೀಬೇಕಾ?"

"ನಾನೂ ಹಂಗೇ ಅನ್ಕೊಂಡಿದ್ದೆ. ಮೊದಲನೇ ದಿನ ಒಬ್ಬರ ಹೊಟ್ಟೆ ಮುಟ್ಟಿಸಿದ್ರು. ಚರ್ಮದ ಕೆಳಗೆ ಗಂಟು! ದಿನಾ ಒಂದೇ ಜಾಗಕ್ಕೆ ಚುಚ್ಚಿದ್ರೆ ಹಂಗಾಗುತ್ತಂತೆ. ನೋವು ಗೊತ್ತಾಗಲ್ಲ, ಅದಕ್ಕೇ ಜನ ಅಲ್ಲಿಗೇ ಚುಚ್ಕೋತಾರೆ. ಔಷಧ ಆ ಗಂಟಿನೊಳಗೇ ಸಿಕ್ಕಾಕ್ಕೊಳ್ಳುತ್ತೆ, ರಕ್ತಕ್ಕೆ ಸರಿಯಾಗಿ ಸೇರಲ್ಲ. ಜಾಗ ಬದಲಾಯಿಸ್ತಾ ಇರಬೇಕು. ಆದ್ರೆ ಹಂಗೆ ಬದಲಾಯಿಸುವಾಗ... ಏಯ್, ನಿಂತು ಪೂರ್ತಿ ಕೇಳಮ್ಮ!"

ಅವಳು ನಿಂತಿದ್ದರೆ ತಾನೆ? ಚಾಕಿನ ಚುಕ್ಕೆ ಕಣ್ಣಿಗೆ ಕಟ್ಟಿತ್ತು.

ಸಂಜೆ ಅಣ್ಣನ ಹೊಟ್ಟೆಯ ಮೇಲೆ ಬೆರಳಾಡಿಸಿದಳು. ಚುಕ್ಕೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಟೈಲರಣ್ಣನೂ ಒತ್ತಿ ನೋಡಿಕೊಂಡ.

"ಕಾಲರ್ ಗಟ್ಟಿಯಾಗ್ಲಿ ಅಂತ ಒಳಗಿಂದ ಕ್ಯಾನ್ವಾಸ್ ಕೊಟ್ಟಂಗಿದೆಯಲ್ಲೇ! ನಾನು ಬೊಜ್ಜು ಅನ್ಕೊಂಡಿದ್ದೆ."

"ನೀನು ಕದ್ದು ತಿಂದಿಲ್ಲಣ್ಣ," ಎಂದಳು. "ನಾಳೆಯಿಂದ ಎಡಗಡೆ ಚುಚ್ಕೋ. ಸೂಜಿನೂ ಹೊಸದು ಹಾಕು."

ಮರುದಿನ ಅವನು ಎಡಗಡೆ ಚುಚ್ಚಿಕೊಂಡ. ನಲವತ್ತಕ್ಕೆ ನಲವತ್ತು. ತಿಂಡಿಯನ್ನೂ ತಿಂದ.

ಸಿಸ್ಟರಕ್ಕ ಡ್ಯೂಟಿಗೆ ಬಂದಳು, ಆದರೆ ಕೆಲಸ ಕೈಗೆ ಹತ್ತಲಿಲ್ಲ. ಒಂದೇ ಟ್ರೇಯನ್ನು ಮೂರು ಸಲ ಜೋಡಿಸಿದಳು. ಗಡಿಯಾರ ನೋಡಿದಳು, ಬಾಗಿಲು ನೋಡಿದಳು. ಹನ್ನೊಂದಕ್ಕೆ ತಡೆಯಲಾರದೆ ಮಾವನ ಮುಂದೆ ಹೋಗಿ ನಿಂತಳು.

"ನಿನ್ನೆ ಏನೋ ಹೇಳ್ತಿದ್ರಲ್ಲ ಮಾವ. ಜಾಗ ಬದಲಾಯಿಸುವಾಗ ಏನು?"

"ಡಾಕ್ಟರನ್ನ ಕೇಳಿ ಡೋಸ್ ಇಳಿಸಬೇಕಾಗುತ್ತೆ. ಗಂಟಿನೊಳಗೆ ಸಿಕ್ಕಾಕ್ಕೊಳ್ತಿದ್ದ ಔಷಧ ಈಗ ಪೂರ್ತಿ ರಕ್ತಕ್ಕೆ ಹೋಗುತ್ತಲ್ಲ? ಸಕ್ಕರೆ ಒಂದೇ ಸಲ ಬಿದ್ದುಹೋಗುತ್ತೆ. ಘಳಿಗೆಗೊಮ್ಮೆ ನೋಡ್ತಿರಬೇಕು. ಯಾಕಮ್ಮ? ಏಯ್, ಯಾಕೆ?"

ಅವಳು ಆಗಲೇ ಬೀದಿಯಲ್ಲಿದ್ದಳು.

ಟೈಲರಣ್ಣ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಕೈ ನಡುಗುತ್ತಿತ್ತು. ಗಿರಾಕಿಯ ಹೊಸ ಬಟ್ಟೆಯನ್ನು ಗುರುತು ಬಿಟ್ಟು ಅಡ್ಡಾದಿಡ್ಡಿ ಕತ್ತರಿಸುತ್ತಿದ್ದ.

"ಅಣ್ಣಾ!"

"ಏನಿಲ್ಲ, ಸೆಖೆ. ನೀನ್ಯಾರಮ್ಮ? ಅಳತೆ ಕೊಡೋಕೆ ಬಂದ್ಯಾ?"

ಬೆರಳಿಗೆ ಚುಚ್ಚಿ ನೋಡಿದಳು. ನಲವತ್ತೆಂಟು.

ಅಡುಗೆ ಮನೆಗೆ ಓಡಿದಳು. ಕಪಾಟಿಗೆ ಬೀಗ. ಅತ್ತಿಗೆ ಮಾರುಕಟ್ಟೆಗೆ ಹೋಗಿದ್ದಳು, ಬೀಗದ ಕೈಯೂ ಅವಳ ಜೊತೆಗೇ. ಸಿಸ್ಟರಕ್ಕ ವಾಪಸು ಬಂದು ಅಣ್ಣನ ಕೈಯಿಂದ ಆ ದೊಡ್ಡ ಕತ್ತರಿ ಕಿತ್ತುಕೊಂಡಳು. ಹೆಂಡತಿಗೂ ಮುಟ್ಟಲು ಬಿಡದ ಕತ್ತರಿ ಅದು. ಅದರ ಮೂತಿಯನ್ನು ಚಿಲಕದ ಸಂದಿಗೆ ತೂರಿಸಿ ಮೀಟಿದಳು. ಮೊಳೆ ಜಗ್ಗಲಿಲ್ಲ. ಹೊರಗೆ ಸ್ಟೂಲು ಉರುಳಿದ ಸದ್ದು. ಮೈಯ ಭಾರವನ್ನೆಲ್ಲ ಹಾಕಿ ಇನ್ನೊಮ್ಮೆ ಮೀಟಿದಳು. ಚಿಲಕ ಕಿತ್ತುಬಂತು, ಕತ್ತರಿಯ ಮೂತಿಯೂ ಮುರಿಯಿತು.

ಮೂರು ಚಮಚ ಸಕ್ಕರೆ, ಅರ್ಧ ಲೋಟ ನೀರು. ಅಣ್ಣ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಎಚ್ಚರವಿತ್ತು. ಲೋಟ ತುಟಿಗಿಟ್ಟಾಗ ಗುಟುಕರಿಸಿದ. ಅಷ್ಟರಲ್ಲಿ ಬ್ಯಾಂಡೇಜ್ ಮಾವ ಏದುಸಿರು ಬಿಡುತ್ತಾ ಬಂದ.

"ನುಂಗ್ತಿದಾರಾ? ಸದ್ಯ! ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಹೊತ್ಕೊಂಡು ಆಸ್ಪತ್ರೆಗೇ ಓಡಬೇಕು. ಕಾಲು ಗಂಟೆ ಬಿಟ್ಟು ಮತ್ತೆ ನೋಡು."

ಆ ಕಾಲು ಗಂಟೆ ಅವಳಿಗೆ ಒಂದು ಯುಗ. ಅರವತ್ತೊಂದು. ಮತ್ತೆ ಸಕ್ಕರೆ ನೀರು, ಮತ್ತೆ ಕಾಲು ಗಂಟೆ. ತೊಂಬತ್ತು. ಹೊಟ್ಟೆಗೆ ಊಟ ಬಿದ್ದ ಮೇಲೆ ಟೈಲರಣ್ಣ ಮೇಜಿನ ಮೇಲಿನ ಬಟ್ಟೆ ನೋಡಿ ಹಣೆ ಚಚ್ಚಿಕೊಂಡ.

"ಒಂದು ತೋಳು ಮೊಣಕೈಗೆ, ಇನ್ನೊಂದು ಮುಂಗೈಗೆ. ಗಿರಾಕಿಗೆ ಹೊಸ ಫ್ಯಾಷನ್ನು ಅನ್ಲಾ?"

ಮಾವ ನಕ್ಕ. ಸಿಸ್ಟರಕ್ಕನಿಗೆ ಅಳು ಬಂತು. ಅಷ್ಟು ಹೊತ್ತಿಗೆ ಅತ್ತಿಗೆ ಚೀಲ ಹಿಡಿದು ಬಾಗಿಲಿಗೆ ಬಂದಳು. ಮುರಿದ ಚಿಲಕ ನೋಡಿದಳು, ವಿಷಯ ಕೇಳಿದಳು. ಚೀಲ ಅಲ್ಲೇ ಇಳಿಸಿ ಗಂಡನ ಪಕ್ಕ ಕೂತಳು.

"ಕಳ್ಳ ಅಂದೆನಲ್ರೀ ನಿಮ್ಮನ್ನ," ಎಂದಳು.

"ಬಿಡೇ. ಇನ್ನು ಮೇಲೆ ಸಕ್ಕರೆ ಡಬ್ಬ ಕೈಗೆ ಸಿಗೋ ಹಾಗಿಡು. ತಿನ್ನೋಕಲ್ಲ, ಬದುಕೋಕೆ."

ಅವತ್ತೇ ಡಾಕ್ಟರು ಡೋಸ್ ಇಳಿಸಿದರು. ಆದರೆ ಸಿಸ್ಟರಕ್ಕನ ತಳಮಳ ಇಳಿಯಲಿಲ್ಲ. ಅಣ್ಣ ಒಬ್ಬನೇ ಅಲ್ಲವಲ್ಲ! ಆ ಎರಡು ಬೆರಳಿನ ಅಳತೆಯನ್ನು ಇನ್ನೂ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳೋ. ಮಾವನನ್ನು ಕರೆದುಕೊಂಡು ಮನೆ ಮನೆ ಹತ್ತಿದಳು. ಮೂವತ್ತು ಜನರ ಹೊಟ್ಟೆ ಮುಟ್ಟಿ ನೋಡಿದರು. ಹದಿಮೂರು ಜನಕ್ಕೆ ಗಂಟು. ಹದಿಮೂರು ಜನವೂ ಮನೆಯವರಿಂದ ಬೈಸಿಕೊಂಡವರೇ. ಈ ಸಲ ಅವಳು ಅರ್ಧ ಮಾತು ಹೇಳಿ ಓಡಲಿಲ್ಲ. ಒಬ್ಬೊಬ್ಬರನ್ನೇ ಡಾಕ್ಟರ ಮುಂದೆ ಕೂರಿಸಿ, ಡೋಸ್ ಕೇಳಿದ ಮೇಲೇ ಜಾಗ ಬದಲಾಯಿಸಿದಳು.

ಆಮೇಲೆ ಗೋಡೆಯ ಮೇಲಿನ ಡ್ಯೂಟಿ ಪಟ್ಟಿ ಕಿತ್ತು, ಕೆಳಗಿನ ಹಾಳೆಯಲ್ಲಿ ತನ್ನ ಹೆಸರು ಬರೆದಳು.

ಮನೆಯಲ್ಲಿ ಅತ್ತಿಗೆಯೇ ಮೊದಲು ತಕರಾರು ತೆಗೆದಳು. "ಎರಡು ವಾರ ನೀನಿಲ್ಲದಿದ್ರೆ ಇವರನ್ನ ನೋಡೋರ್ಯಾರು?"

"ಮಾವ ಇದಾರೆ. ನೀನೂ ಇದ್ದೀಯ. ದಿನಾ ಪಾದ ನೋಡು, ಬೆರಳ ಸಂದಿಲೂ ನೋಡು. ಸೂಜಿ ನಿನ್ನೆಯ ಜಾಗದಿಂದ ಒಂದು ಬೆರಳಾದ್ರೂ ದೂರ ಇರಲಿ, ಗಂಟಿನ ಮೇಲಂತೂ ಬೇಡ."

"ಹೋಗಿ ಬರಲಿ ಬಿಡೇ," ಎಂದ ಟೈಲರಣ್ಣ. "ಹೊಸ ನಮೂನೆ ಕಾಲರ್ ಬಂದಾಗ ಈ ವಯಸ್ಸಲ್ಲಿ ನಾನು ಕಲೀಲಿಲ್ವಾ? ಬಟ್ಟೆ ಕೆಟ್ರೆ ಬೇರೆ ಬಟ್ಟೆ ತರಬಹುದು. ಕಾಲು ಎಲ್ಲಿಂದ ತರೋದು?"

ಅತ್ತಿಗೆ ತಲೆಯಾಡಿಸಿದಳು. ಚೀಲಕ್ಕೆ ಬಟ್ಟೆ ಮಡಚಿ ಇಟ್ಟವಳೂ ಅವಳೇ.

ತಿಂಗಳ ಕೊನೆ ಬಂತು. ಸಕ್ಕರೆ ಇಳಿದಿತ್ತು. ಗಾಯ ಪೂರ್ತಿ ಮಾಗಿರಲಿಲ್ಲ, ಆದರೆ ಅಂಚು ಕೆಂಪಾಗಿ ಹೊಸ ಚರ್ಮ ಹತ್ತುತ್ತಿತ್ತು. ಡಾಕ್ಟರು ಬಹಳ ಹೊತ್ತು ನೋಡಿ, "ಬೆರಳು ಇರಲಿ, ಕಾಯೋಣ" ಎಂದರು.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇವತ್ತೇ ಚುಚ್ಚುವ ಜಾಗ ಮುಟ್ಟಿ ನೋಡಿ. ಗಂಟು ಸಿಕ್ಕರೆ ನೀವಾಗಿಯೇ ಏನೂ ಬದಲಾಯಿಸಬೇಡಿ, ಔಷಧ ನಿಲ್ಲಿಸಲೂ ಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಇಳಿಯದಿದ್ದರೆ ಅವರನ್ನು ಬೈಯುವ ಮೊದಲು ಕಾರಣ ಹುಡುಕಿ. ಇನ್ನು ಆಸ್ಪತ್ರೆಯಲ್ಲಿ ದುಡಿಯುವ ನೀವು, ನರ್ಸಾಗಲಿ, ಲ್ಯಾಬಿನವರಾಗಲಿ, ಪಟ್ಟಿ ಕಟ್ಟುವವರಾಗಲಿ, ನಲ್ಲಿಯ ಹತ್ತಿರ ಕೇಳಿದ ಅರ್ಧ ಮಾತು ಸಾಲದು. ನಿಮ್ಮ ಕೈಯನ್ನು ನಂಬಿದ ಜನ ಬಹಳ ಇದ್ದಾರೆ. ತರಬೇತಿಗೆ ಹೆಸರು ಬರೆಯಿರಿ. ಮನೆಯವರೇ, ಅವರನ್ನು ಕಳಿಸಿಕೊಡಿ.

ಇಪ್ಪತ್ತೆರಡು ವರ್ಷದ ಸರ್ವೀಸಿನ ಸಿಸ್ಟರಕ್ಕ ಒಂದು ನೋಟ್‌ಬುಕ್ಕು, ಎರಡು ಪೆನ್ನು ಇಟ್ಟುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಅವತ್ತು ಸೋಮವಾರ, ತರಬೇತಿಯ ಮೊದಲ ದಿನ.