ಒಂದೇ ಸಲದ ನೀರು

ಕೆಂಚಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಬಿಡದಿಯ ಆ ಬೀದಿಗೆಲ್ಲ ಗೊತ್ತು. ಅಂಥವಳು ಕೂಸೊಂದು ಹುಟ್ಟಿದಾಗಿನಿಂದ ಒಂದು ಮಾತನ್ನು ಬಾಯಿಬಿಡದೆ ಇಟ್ಟುಕೊಂಡಿದ್ದಳು ಅಂದರೆ ಅದೆಷ್ಟು ಭಾರದ ಮಾತಿರಬೇಕು, ನೀವೇ ಯೋಚಿಸಿ.

ಹೊಲ ಫ್ಯಾಕ್ಟರಿಗೆ ಹೋದ ಮೇಲೆ ಉಳಿದ ಚೂರು ಜಾಗದಲ್ಲಿ ಅವಳು ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದಳು. ಅವಳ ಗೋಡೆಗೇ ಅಂಟಿಕೊಂಡ ಮನೆಗೆ ಕನಕಪುರದ ಹಾರೋಬೆಲೆ ಕಡೆಯ ಕ್ರೈಸ್ತರು ಬಂದರು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿಯುವ ಅರುಳಪ್ಪ, ಅವನ ಹೆಂಡತಿ ಲೂರ್ದುಮೇರಿ, ಅವನ ಮುದಿ ತಾಯಿ ಜ್ಞಾನಮ್ಮ. ಸಂಜೆ ಆ ಕಡೆ ಜಪಸರ ಶುರುವಾದರೆ ಈ ಕಡೆ ಕೆಂಚಮ್ಮ ಅವರೆಕಾಯಿ ಸುಲಿಯುತ್ತಾ ಕೂರುವಳು. ಹಾಗೆ ಕೂತು ಕೂತೇ ಅರ್ಧ ಜಪ ಅವಳಿಗೆ ಬಾಯಿಪಾಠವಾಗಿತ್ತು.

ಹಾಸಿಗೆ ಹಿಡಿದ ಜ್ಞಾನಮ್ಮ ಒಂದು ದಿನ ಅವಳ ಕೈ ಹಿಡಿದುಕೊಂಡಳು. "ಕೆಂಚಮ್ಮ, ಲೂರ್ದು ಬಸುರಿ. ಹೆರಿಗೆ ಹೊತ್ಗೆ ನಾನಿರಾಕಿಲ್ಲ. ಕೂಸು ಉಸಿರಿಗೆ ಒದ್ದಾಡಿದ್ರೆ ಫಾದರ್‌ಗೆ ಕಾಯ್ಬ್ಯಾಡ. ತಲೆ ಮ್ಯಾಲೆ ನೀರು ಹುಯ್ದು ನಾನು ಹೇಳೋ ಮಾತು ಹೇಳ್ಬುಡು. ಅಂಥ ಹೊತ್ನಲ್ಲಿ ಕೂಸ್ನ ನಮ್ ಧರ್ಮಸಭೆಗೆ ಸೇರ್ಸೋ ಈ ಜ್ಞಾನಸ್ನಾನ ಯಾರು ಬೇಕಾದ್ರೂ ಕೊಡಬೌದು. ಆದ್ರೆ ಒಂದೇ ಸಲ ಕಣವ್ವ. ಕೂಸು ಬದುಕ್ಕಂತು ಅಂತ ಇನ್ನೊಂದು ಸಲ ಹುಯ್ಯಂಗಿಲ್ಲ."

ಸಾಯುವ ಮುದುಕಿಯ ಸಮಾಧಾನಕ್ಕೆ ಕೆಂಚಮ್ಮ ಆ ಮಾತನ್ನು ಕಲಿತಳು. ಹೆಚ್ಚು ದಿನ ಆಗಲಿಲ್ಲ, ಜ್ಞಾನಮ್ಮ ಕಣ್ಣು ಮುಚ್ಚಿದಳು.

ಲೂರ್ದುಗೆ ದಿನ ತುಂಬುವ ಮೊದಲೇ ನೋವು ಬಂತು. ಆವತ್ತೇ ಜಮೀನಿನ ಗಲಾಟೆಗೆ ಬಂದ್. ರಸ್ತೆ ತುಂಬ ಕಲ್ಲು, ಒಂದು ಆಟೋ ಅಲ್ಲಾಡುವಂತಿಲ್ಲ, ಅರುಳಪ್ಪ ಶಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದ. ಕೂಸು ಕೆಂಚಮ್ಮನ ಕೈಗೇ ಬಂತು, ನೀಲಿಗಟ್ಟಿ, ಸದ್ದಿಲ್ಲದೆ. ತಾಯಿಗೆ ಎಚ್ಚರವಿರಲಿಲ್ಲ. ಬೆನ್ನು ತಟ್ಟಿದಳು, ಬಾಯಿಗೆ ಊದಿದಳು, ಏನೂ ಆಗಲಿಲ್ಲ. ಆಗ ಕೊಡದಿಂದ ಒಂದು ಚೊಂಬು ನೀರು ತೆಗೆದಳು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಅನ್ನುತ್ತಾ, ಒಂದೊಂದು ಹೆಸರಿಗೆ ಒಂದೊಂದು ಸಲ ಚೊಂಬು ಬಗ್ಗಿಸಿ, ಆ ಪುಟ್ಟ ತಲೆಯ ಮೇಲೆ ಹುಯ್ದಳು. ಕೂಸು ಕಿರ್ರೆಂದು ಅತ್ತಿತು. ತಣ್ಣೀರಿಗೆ ಅತ್ತಿತೋ ಮಾತಿಗೆ ಅತ್ತಿತೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ದಾರಿ ತೆರೆದ ಮೇಲೆ ಆಸ್ಪತ್ರೆ ಸೇರಿದ್ದ ತಾಯಿ ಮಗು ಮನೆಗೆ ಬಂದ ದಿನ ಲೂರ್ದು, "ಅವ್ವ, ನೀವೇ ನನ್ ಮಗಳಿಗೆ ಜ್ಞಾನತಾಯಿ," ಅಂದಳು.

"ಅಂಗಂದ್ರೇನವ್ವ?"

"ಜ್ಞಾನಸ್ನಾನದ ದಿನ ಕೂಸಿನ ಜೊತೆ ನಿಂತ್ಕೊಳ್ಳೋಳು. ಹೆತ್ತೋಳು ಇಲ್ದಾಗ ತಾಯಿ ಆಗೋಳು."

ಕೆಂಚಮ್ಮ ಹಿಗ್ಗಿ ಹೀರೇಕಾಯಿಯಾದಳು. ನಡೆದದ್ದನ್ನು ಆವತ್ತೇ ಹೇಳಿಬಿಡಬೇಕಿತ್ತು. ಆದರೆ ಲೂರ್ದು ದಿನಾ ಮಗಳನ್ನು ತೊಡೆ ಮೇಲೆ ಹಾಕಿಕೊಂಡು, "ಫಾದರ್ ನೀರು ಹುಯ್ವಾಗ ನನ್ ಕಂದ ಅಳ್ತಾಳೋ ನಗ್ತಾಳೋ" ಅಂತ ಕನಸು ಕಾಣುತ್ತಿದ್ದಳು. ನೀರು ಆಗಲೇ ಬಿದ್ದಾಯಿತು, ಇನ್ನು ಹುಯ್ಯುವಂತಿಲ್ಲ ಅಂತ ಆ ಮುಖ ನೋಡಿಕೊಂಡು ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಅಂತ ಮುಂದೂಡಿದಳು. ರಾಮನಗರಕ್ಕೆ ಹೋಗಿ ಬಿಳೀ ಫ್ರಾಕು ತಂದಳು. ತಾನು ಜ್ಞಾನತಾಯಿ ಅಂತ ನಲ್ಲಿ ಹತ್ತಿರ ಸಾರಿದಳು.

ಹೀಗಿರುವಾಗ ಚರ್ಚಿಗೆ ತಯಾರಿ ಪಾಠಕ್ಕೆ ಹೋಗಿದ್ದ ಲೂರ್ದು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಬಾಗಿಲಲ್ಲೇ ನಿಂತು, "ಅವ್ವ, ಜ್ಞಾನತಾಯಿ ನಮ್ ಧರ್ಮಸಭೆಯೋರೇ ಆಗ್ಬೇಕಂತೆ. ನಾನು ಎಷ್ಟು ಕೇಳ್ಕೊಂಡ್ರೂ ಫಾದರ್ ಆಗಲ್ಲ ಅಂದ್ರು. ಇವ್ರ ಅಕ್ಕ ತೆರೇಸಮ್ಮನ್ನ ಕರೆಸ್ತೀವಿ," ಅಂದಳು.

"ಅಯ್ಯೋ ಹುಚ್ಚಿ, ಅದುಕ್ಯಾಕೆ ಅಳ್ತೀಯೆ? ನಿಮ್ ದೇವ್ರು, ನಿಮ್ ಪದ್ಧತಿ," ಅಂದಳು ಕೆಂಚಮ್ಮ. ಒಳಗೆ ಬಂದು ಫ್ರಾಕನ್ನು ಟ್ರಂಕಿಗೆ ತುರುಕಿ ಒಬ್ಬಳೇ ಅತ್ತಳು. ಹೊಟ್ಟೆ ಉರಿದದ್ದು ನಿಜ, ಸುಳ್ಳು ಯಾಕೆ ಹೇಳಬೇಕು.

ಈಗ ಮಾತು ಇನ್ನೂ ಕಷ್ಟವಾಯಿತು. ಈಗ ಹೇಳಿದರೆ ಕೆಂಚಮ್ಮ ಹೊಟ್ಟೆಕಿಚ್ಚಿಗೆ ಕಾರ್ಯ ಕೆಡಿಸಲು ಬಂದಳು ಅನ್ನುವುದಿಲ್ಲವೆ? ಮತ್ತೆ ಆ ಮನೆಯ ಬಾಗಿಲು ತನಗೆ ತೆರೆದೀತೆ? ಹೇಳದಿದ್ದರೆ ಭಾನುವಾರ ಚರ್ಚಿನಲ್ಲಿ ಎರಡನೇ ಸಲ ನೀರು ಬೀಳುತ್ತದೆ. ಒಂದೇ ಸಲ ಕಣವ್ವ ಅಂದಿದ್ದ ಜ್ಞಾನಮ್ಮನ ಬಿಸಿ ಕೈ ನೆನಪಾಗುತ್ತಿತ್ತು. ಸತ್ತವಳಿಗೆ ಕೊಟ್ಟ ಮಾತು ವಾಪಸು ಕೇಳುವುದು ಯಾರ ಹತ್ತಿರ?

ಶನಿವಾರ ಸಂಜೆ ಫಾದರ್ ಅರುಳಪ್ಪನ ಮನೆಗೆ ಬಂದಾಗ ಕೆಂಚಮ್ಮ ಸೆರಗು ಹೊದ್ದು ಹೋಗಿ ನಿಂತಳು.

"ಸ್ವಾಮಿ, ನಾಳೆ ನೀರು ಹುಯ್ಬ್ಯಾಡಿ. ನಾನು ಹುಯ್ದ್‌ಬುಟ್ಟಿವ್ನಿ."

ಅರುಳಪ್ಪನ ಕೈಲಿದ್ದ ಕಾಫಿ ಲೋಟ ಹಾಗೇ ನಿಂತಿತು. ಕೆಂಚಮ್ಮ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಫಾದರ್ ನಿಧಾನವಾಗಿ ಕೇಳಿದರು, "ಯಾವ ಮಾತು ಹೇಳಿದ್ರಿ?" ಹೇಳಿದಳು. "ನೀರು ತಲೆ ಮೇಲೆ ಹರೀತಾ?" ಹರಿಯಿತು. "ಏನು ಮನಸ್ಸಲ್ಲಿಟ್ಕೊಂಡು ಮಾಡಿದ್ರಿ ಅಮ್ಮ?"

"ನಂಗೇನ್ ಗೊತ್ತು ಸ್ವಾಮಿ. ಇವರ ಗುಡೀಲಿ ಏನ್ ಕೊಡ್ತಾರೋ ಅದು ಈ ಕೂಸ್ಗೂ ಸಿಗ್ಲಿ ಅಂತ ಮಾಡ್ದೆ." ಅದರ ಜೊತೆಗೇ, "ಕೆಂಗಲ್ ಹನುಮಂತರಾಯನ್ಗೂ ಒಂದು ಹರಕೆ ಹೊತ್ತಿವ್ನಿ, ಮುಚ್ಚಿಡಾಕಿಲ್ಲ," ಅಂದಳು.

ಫಾದರ್ ನಕ್ಕುಬಿಟ್ಟರು. "ಅದು ನಿಮಗೂ ಅವನಿಗೂ ಬಿಟ್ಟಿದ್ದು," ಅಂದವರು ಎದ್ದು ನಿಂತರು. "ಜ್ಞಾನಸ್ನಾನ ಆಗಿದೆ. ಇದನ್ನ ನಾನೂ ಮತ್ತೆ ಕೊಡೋ ಹಾಗಿಲ್ಲ. ನಾಳೆ ತೈಲ, ಬಿಳೀ ಬಟ್ಟೆ, ದೀಪ ಅಷ್ಟೆ. ತೆರೇಸಮ್ಮ ಜ್ಞಾನತಾಯಿಯಾಗಿ ನಿಲ್ತಾರೆ. ಕೂಸನ್ನ ಚರ್ಚಿನ ಬಾಗಿಲ ತನಕ ನೀವು ಎತ್ಕೊಂಡು ಬನ್ನಿ."

ಅರುಳಪ್ಪ ಅವರನ್ನು ಕಳಿಸಲು ಹೊರಗೆ ಹೋದ. ಲೂರ್ದು ತಲೆ ತಗ್ಗಿಸಿ ಕೂತಿದ್ದಳು. ಕೆಂಚಮ್ಮ ಅವಳ ಹತ್ತಿರ ಹೋಗಿ ಕೂತಳು. "ಬೈದ್‌ಬುಡವ್ವ. ಸುಮ್ನಿರ್ಬ್ಯಾಡ."

ಲೂರ್ದು ಎದ್ದು ಒಳಗೆ ಹೋದಳು. ಬಂದಾಗ ಒಂದು ಕೈಲಿ ಮಗು, ಇನ್ನೊಂದು ಕೈಲಿ ಖಾಲಿ ಚೊಂಬು. ಮಗುವನ್ನು ಕೆಂಚಮ್ಮನ ತೊಡೆಗೆ ಹಾಕಿ ಎದುರಿಗೆ ಕೂತಳು.

"ನಂಗೆ ಎಚ್ಚರ ಇರ್ಲಿಲ್ವಲ್ಲ ಅವ್ವ. ಹೆಂಗ್ ಹುಯ್ದ್ರಿ, ಒಸಿ ತೋರ್ಸಿ."

ಕೆಂಚಮ್ಮ ಖಾಲಿ ಚೊಂಬನ್ನು ಬಗ್ಗಿಸಿದಳು. ಆವತ್ತಿನ ಹಾಗೇ, ಮೂರು ಸಲ. ಜ್ಞಾನಮ್ಮ ಕಲಿಸಿದ ಮಾತನ್ನು ಮಾತ್ರ ಮತ್ತೆ ಹೇಳಲಿಲ್ಲ. ಮಗು ಚೊಂಬಿನ ಅಂಚಿಗೆ ಕೈಚಾಚಿತು.

"ಅತ್ಲಾ, ನಕ್ಲಾ?" ಅಂದಳು ಲೂರ್ದು.

"ಅತ್ಲು ಕಣವ್ವ," ಅಂದಳು ಕೆಂಚಮ್ಮ. "ಮೊದ್ಲು ಅವಳು ಅತ್ಲು. ಆಮ್ಯಾಕೆ ನಾನು."